ದೊಣೆಗುಡ್ಡದ ಸರ್ವೆ ಕಂಬ

ಬೀರೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಅಂಬರೀನ್‌ಗೆ ಗುಡ್ಡ ಹತ್ತುವ ಗೀಳು ಹತ್ತಿಕೊಂಡಿದ್ದು ನಲವತ್ತು ದಾಟಿದ ಮೇಲೆ. ಒಂಬತ್ತನೇ ತರಗತಿಗೆ ನಕ್ಷೆ ಓದುವುದನ್ನು ಹೇಳಿಕೊಡುತ್ತಿದ್ದಾಗ ಕೆಲವು ಗುಡ್ಡಗಳ ನೆತ್ತಿಯಲ್ಲಿ ಗುರುತು ಮಾಡಿದ್ದ ಪುಟ್ಟ ತ್ರಿಕೋನವನ್ನು ತೋರಿಸಿ, ‘ಇಲ್ಲಿ ನಿಂತು ಸರ್ವೆಯವರು ಇಡೀ ಸೀಮೆಯನ್ನು ಅಳೆದರು’ ಎಂದಿದ್ದಳು. ‘ಅಲ್ಲಿ ಈಗ ಏನೈತೆ ಮಿಸ್?’ ಎಂದು ಹುಡುಗಿಯೊಬ್ಬಳು ಕೇಳಿದಳು. ಅಂಬರೀನ್‌ಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಕಡೂರಿನ ಹತ್ತಿರದ ಒಂದು ಬೋಳುಗುಡ್ಡ ಹತ್ತಿ ನೋಡಿದಳು. ನೆತ್ತಿಯಲ್ಲಿ ಎದೆಯೆತ್ತರದ ಕಲ್ಲುಗಾರೆಯ ಕಂಬ, ಅದರ ತಲೆಯ ಮೇಲೆ ಒಂದು ವೃತ್ತ ಮತ್ತು ನಡುವೆ ಚುಕ್ಕೆ ಕೊರೆದ ಕಲ್ಲು. ಆ ಕಲ್ಲಿನ ಮೇಲೆ ಕೈಯಿಟ್ಟು ಸುತ್ತ ನೋಡಿದರೆ ತೆಂಗಿನ ತೋಟಗಳು, ರೈಲು ಹಳಿ, ದೂರದಲ್ಲಿ ನೀಲಿಗಟ್ಟಿದ ಕೆಮ್ಮಣ್ಣುಗುಂಡಿಯ ಸಾಲು. ಅಲ್ಲಿಂದ ಶುರುವಾಯಿತು.

ಜೊತೆಗೆ ಬರುತ್ತಿದ್ದವಳು ಅದೇ ಶಾಲೆಯ ಪಿ.ಟಿ. ಟೀಚರ್ ಮಲ್ಲಿಕಾಂಬ. ಐವತ್ತೆರಡು ವರ್ಷವಾದರೂ ಮಕ್ಕಳ ಸಮಕ್ಕೆ ಮೈದಾನ ಸುತ್ತುವ ಗಟ್ಟಿ ಹೆಂಗಸು. ಅಂಬರೀನ್‌ಗೆ ಅವಳು ಮಲ್ಲಕ್ಕ. ಮಲ್ಲಕ್ಕನ ಸ್ಕೂಟರಿನಲ್ಲಿ ಇಬ್ಬರೂ ಎರಡು ವರ್ಷದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹದಿನಾಲ್ಕು ಕಂಬ ನೋಡಿ ಬಂದಿದ್ದರು. ಕೆಲವು ಗಟ್ಟಿಮುಟ್ಟಾಗಿದ್ದವು, ಕೆಲವು ಲಂಟಾನದ ಪೊದೆಯಲ್ಲಿ ಮುಚ್ಚಿಹೋಗಿದ್ದವು. ಮೂರು ಕಡೆ ಕಂಬದ ಬುಡವನ್ನು ಯಾರೋ ಅಗೆದು ಹಾಕಿದ್ದರು. ವೃತ್ತ, ಚುಕ್ಕೆ ಕಂಡರೆ ಅದು ನಿಧಿಯ ಗುರುತೇ ಎಂದು ನಂಬುವ ಜನ ಇದ್ದಾರೆ. ಅಂಥ ಗುಂಡಿ ಕಂಡಾಗೆಲ್ಲ ಮಲ್ಲಕ್ಕ, ‘ಇವರ ಮನೆ ಹಾಳಾಗ’ ಎಂದು ಬೈದು ಮುಂದೆ ಹೋಗುತ್ತಿದ್ದಳು.

ಜನವರಿಯ ಮೂರನೇ ಭಾನುವಾರ ಅವರು ಹೊರಟಿದ್ದು ಅಜ್ಜಂಪುರದಿಂದಾಚೆಯ ದೊಣೆಗುಡ್ಡಕ್ಕೆ. ನೆತ್ತಿಯ ಬಂಡೆಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುವ ದೊಣೆಯೊಂದು ಇರುವುದರಿಂದ ಆ ಹೆಸರು. ಬುಡದ ಹಳ್ಳಿಯಲ್ಲಿ ಸ್ಕೂಟರ್ ನಿಲ್ಲಿಸಿದಾಗ ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ, ‘ಮೇಲಕ್ಕೋಯ್ತೀರಾ? ಕರಡಿ ಓಡಾಡ್ತವೆ ಕಣ್ರವ್ವಾ, ಮಾತಾಡ್ಕಂಡು ಹೋಗಿ’ ಎಂದ. ಹಾಗಾಗಿ ಇಬ್ಬರೂ ದಾರಿಯುದ್ದಕ್ಕೂ ಜೋರಾಗಿ ಮಾತನಾಡುತ್ತಲೇ ಹತ್ತಿದರು. ಎಂಟು ಗಂಟೆಯ ಎಳೆಬಿಸಿಲು. ಒಣಗಿದ ಬೋದೆಹುಲ್ಲು ಸೊಂಟದವರೆಗೆ ಬೆಳೆದು ನಿಂತಿತ್ತು.

ನೆತ್ತಿ ಇನ್ನೂ ಇನ್ನೂರು ಹೆಜ್ಜೆ ಇರುವಾಗ ದಾರಿಯ ನಡುವೆ ಒಡೆದ ತೆಂಗಿನಕಾಯಿ, ಕುಂಕುಮ ಸವರಿದ ನಿಂಬೆಹಣ್ಣಿನ ಹೋಳುಗಳು ಕಂಡವು.

‘ಯಾರೋ ಪೂಜೆ ಮಾಡವ್ರೆ’ ಎಂದಳು ಮಲ್ಲಕ್ಕ.

ಅಂಬರೀನ್ ಬಗ್ಗಿ ನೋಡಿದಳು. ನಿಂಬೆಹೋಳು ಒಣಗಿರಲಿಲ್ಲ. ಅದರ ರಸ ಇನ್ನೂ ಮಿನುಗುತ್ತಿತ್ತು. ‘ಮಲ್ಲಕ್ಕ, ವಾಪಸ್ ಹೋಗೋಣ್ವಾ?’ ಎಂದಳು.

‘ಇಷ್ಟ್ ದೂರ ಬಂದು? ಅವ್ರೆಲ್ಲ ಬೆಳಕು ಹರಿಯೋಕ್ ಮುಂಚೇನೇ ಹೋಗಿರ್ತಾರೆ ಬಾರೇ.’

ನೆತ್ತಿಗೆ ಬಂದಾಗ ಮೊದಲು ಕಂಡದ್ದು ಕೆಂಪು ಮಣ್ಣಿನ ಹಸಿ ಗುಡ್ಡೆ. ಅದರ ಹಿಂದೆ ಸರ್ವೆ ಕಂಬ. ಆದರೆ ಅದು ನೆಟ್ಟಗೆ ನಿಂತಿರಲಿಲ್ಲ. ಬುಡದ ಒಂದು ಮಗ್ಗುಲನ್ನು ಪೂರ್ತಿ ಕೊರೆದಿದ್ದರು. ಕಂಬ ಆ ಕಡೆಗೆ ವಾಲಿ, ಬೀಳಲೋ ಬೇಡವೋ ಎನ್ನುವಂತಿತ್ತು. ಸುತ್ತ ಪಿಕಾಸಿ, ಹಾರೆ, ಎರಡು ಬಾಂಡ್ಲಿ ಬಿದ್ದಿದ್ದವು. ಆಗ ನೆಲದೊಳಗಿಂದ ಒಂದು ಸದ್ದು ಬಂತು. ಗೊರಗೊರ ಎಂದು, ಗಂಟಲಿನ ಆಳದಿಂದ ಎಳೆದಂತೆ.

ಮಲ್ಲಕ್ಕ ಅಂಬರೀನ್‌ಳ ಮಣಿಕಟ್ಟು ಹಿಡಿದಳು. ‘ಕರಡಿ ಕಣೇ. ಓಡಬ್ಯಾಡ. ಮೆಲ್ಲಗೆ ಹಿಂದಕ್ ಬಾ.’

ಇಬ್ಬರೂ ಉಸಿರು ಬಿಗಿಹಿಡಿದು ಹಿಂದೆ ಸರಿದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಸದ್ದು ಮತ್ತೆ ಬಂತು. ಈ ಬಾರಿ ಅದು ಮಾತಾಗಿತ್ತು.

‘ನೀರು...’

ಅಂಬರೀನ್ ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಎರಡಾಳು ಆಳದ ಗುಂಡಿ. ಒಂದು ಮಗ್ಗುಲು ಕುಸಿದು ಬಿದ್ದಿತ್ತು. ಆ ಮಣ್ಣಿನಲ್ಲಿ ಎದೆಯವರೆಗೆ ಹೂತುಹೋದ ಯುವಕ. ಮುಖವೆಲ್ಲ ಕೆಂಪು ಮಣ್ಣು. ಕಣ್ಣು, ಬಾಯಿ ಮಾತ್ರ ಕಾಣುತ್ತಿದ್ದವು. ಅವನ ತಲೆಯ ನೇರಕ್ಕೆ, ಮೇಲೆ, ವಾಲಿದ ಕಂಬ.

‘ನನ್ ಕಾಲು ಕಲ್ಲಡೀಗೆ ಸಿಕ್ಕಾಕ್ಕಂಡೈತೆ... ಬಿಟ್ಟೋಗ್ಬ್ಯಾಡಿ ಮೇಡಂ’ ಎಂದ ಅವನು.

ಮಲ್ಲಕ್ಕ ಫೋನ್ ತೆಗೆದಳು. ಅಂಬರೀನ್‌ಳ ಫೋನಿಗೆ ಸಿಗ್ನಲ್ ಇರಲಿಲ್ಲ. ಮಲ್ಲಕ್ಕನದು ಬೇರೆ ಕಂಪನಿಯದು. ಬಂಡೆಯ ತುದಿಗೆ ಹೋಗಿ ನಿಂತರೆ ಒಂದು ಗೆರೆ ಮೂಡುತ್ತಿತ್ತು. ನೂರಾ ಹನ್ನೆರಡಕ್ಕೆ ಮೂರು ಸಲ ಮಾಡಿದ ಮೇಲೆ ಮಾತು ಕೂಡಿತು. ಅಗ್ನಿಶಾಮಕದವರು, ಆಂಬುಲೆನ್ಸು ಬರುತ್ತವೆ. ಆದರೆ ದೊಣೆಗುಡ್ಡ ಎಲ್ಲಿದೆಯೆಂದು ಅತ್ತ ಕಡೆಯವರಿಗೆ ಗೊತ್ತಿಲ್ಲ. ದಾರಿ ಮೂರು ಕಡೆ ಕವಲಾಗುತ್ತದೆ. ಟಾರು ರಸ್ತೆಯಲ್ಲಿ ಯಾರಾದರೂ ನಿಂತು ಕರೆತರಬೇಕು.

‘ನಾನು ಓಡ್ತೀನಿ. ನೀನಾದ್ರೆ ಕೆಳಗಿಳಿಯೋಕೇ ಒಂದ್ ಗಂಟೆ ಬೇಕು’ ಎಂದಳು ಮಲ್ಲಕ್ಕ. ‘ನೀನಿಲ್ಲಿ ಇರ್ತೀಯಾ?’

ಇರುವುದಿಲ್ಲ ಎಂದು ಹೇಳಬೇಕೆಂದು ಅಂಬರೀನ್‌ಗೆ ಅನಿಸಿತು. ಆದರೂ ಇರುತ್ತೇನೆಂದು ತಲೆಯಾಡಿಸಿದಳು. ಮಲ್ಲಕ್ಕ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿಜಾರಿನಲ್ಲಿ ಓಡಿದಳು. ಹುಲ್ಲು ಎರಡು ಕಡೆಯಿಂದಲೂ ಕೂಡಿಕೊಂಡು ಅವಳನ್ನು ಮರೆಮಾಡಿತು.

ಆಮೇಲೆ ಬರೀ ಗಾಳಿಯ ಸದ್ದು.

ನೀರಿನ ಬಾಟಲಿಯನ್ನು ತನ್ನ ವೇಲಿನ ತುದಿಗೆ ಕಟ್ಟಿ ಅಂಬರೀನ್ ಗುಂಡಿಗೆ ಇಳಿಬಿಟ್ಟಳು. ಅವನಿಗೆ ಒಂದು ಕೈ ಮಾತ್ರ ಆಡುತ್ತಿತ್ತು. ಹಲ್ಲಿನಲ್ಲಿ ಮುಚ್ಚಳ ಕಚ್ಚಿ ತಿರುಗಿಸಿ ಕುಡಿದ. ಅಷ್ಟು ಅಲುಗಿದ್ದಕ್ಕೇ ಮಗ್ಗುಲ ಮಣ್ಣು ಸೊರಸೊರನೆ ಜಾರಿ ಅವನ ಭುಜಕ್ಕೆ ಬಂತು. ಕಂಬದ ಬುಡದಲ್ಲಿ ಒಂದು ಕಲ್ಲು ‘ಟಕ್’ ಎಂದಿತು.

‘ಅಲ್ಲಾಡಬೇಡಪ್ಪಾ! ಸುಮ್ನಿರು.’

ಅವಳು ಹಾರೆಯನ್ನು ಎಳೆದು ತಂದಳು. ವಾಲಿದ ಕಡೆಯಿಂದ ಕಂಬಕ್ಕೆ ಅದನ್ನು ಓರೆಯಾಗಿ ಆನಿಸಿ, ಬುಡವನ್ನು ಬಂಡೆಯ ಸೀಳಿಗೆ ಸಿಕ್ಕಿಸಿದಳು. ಚಪ್ಪಟೆ ಕಲ್ಲುಗಳನ್ನು ಒಂದೊಂದೇ ಆಯ್ದು ಕಂಬದಡಿಯ ಪೊಳ್ಳಿಗೆ ತುರುಕಿದಳು. ಕೈ ಒಳಗೆ ಹಾಕುವಾಗೆಲ್ಲ ಈಗ ಬಿದ್ದರೆ ನನ್ನ ಕೈ ಹೋಯಿತು ಎಂದುಕೊಂಡಳು. ಮಾತನಾಡಿಸುತ್ತಿದ್ದರೆ ಅವನೂ ಎಚ್ಚರವಿರುತ್ತಾನೆ, ತನ್ನ ಭಯವೂ ಸ್ವಲ್ಪ ತಗ್ಗುತ್ತದೆ ಎಂದು ಹೆಸರು, ಊರು ಕೇಳಿದಳು.

ತಿಪ್ಪೇಶ ಎಂದ. ಇಪ್ಪತ್ತಾರು ವರ್ಷ. ತರೀಕೆರೆ ಕಡೆಯವನು, ಅಡಿಕೆ ಸುಲಿಯುವ ಮೆಷಿನ್ ಓಡಿಸುತ್ತಾನೆ. ಅಕ್ಕ ಭವ್ಯಳ ಗಂಡ ಶಿವಕುಮಾರ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದಿದ್ದ. ಕರಿಸಿದ್ದಪ್ಪ ಅಂತ ಅವರ ಹೆಸರು. ಕಂಬದ ಕೆಳಗೆ ಇನ್ನೊಂದು ಅಂಥದೇ ಗುರುತಿನ ಕಲ್ಲಿರುತ್ತದೆ, ಅದರಡಿಯಲ್ಲೇ ಕೊಪ್ಪರಿಗೆ ಇರುವುದು ಎಂದು ಅವರು ಹೇಳಿದ್ದರು. ಅಗೆದಾಗ ಆ ಕಲ್ಲು ಸಿಕ್ಕಿಯೇ ಬಿಟ್ಟಿತು.

‘ನಾನ್ ಅದ್ನ ಮೀಟ್ತಾ ಇದ್ದೆ ಮೇಡಂ. ಮಣ್ಣು ಧುಬುಕ್ ಅಂತ ಬಂತು. ಕೂಗ್ದೆ. ಭಾವ ಅಂತ ಕೂಗ್ದೆ. ಅವರಿಬ್ರೂ ಓಡೋಗ್ಬಿಟ್ರು.’

ಅದು ನಿಧಿಯ ಗುರುತಲ್ಲ, ಮೇಲಿನ ಕಲ್ಲು ಕಳೆದುಹೋದರೆ ಜಾಗ ತಿಳಿಯಲಿ ಎಂದು ಸರ್ವೆಯವರೇ ಕೆಳಗೂ ಒಂದು ಕಲ್ಲು ಹೂತಿರುತ್ತಾರೆ ಎಂದು ಅಂಬರೀನ್‌ಗೆ ಗೊತ್ತಿತ್ತು. ಈಗ ಅದನ್ನು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

‘ಬರ್ತಾರೆ ಬಿಡು’ ಎಂದಳು.

ತಿಪ್ಪೇಶ ಬಾಯಿಗೆ ಬಂದ ಮಣ್ಣು ಉಗುಳಿದ. ಆಮೇಲೆ, ‘ಭಾವ ಬಂದ್ರೆ ಬರ್ಲಿ ಮೇಡಂ. ಆವಯ್ಯ ಬರೋದು ಬ್ಯಾಡ’ ಎಂದ.

ಮುಕ್ಕಾಲು ಗಂಟೆ ಕಳೆದಿರಬೇಕು. ಬಿಸಿಲು ಏರಿತ್ತು. ಕೆಳಗೆ ಹುಲ್ಲು ಸರಸರ ಎಂದಿತು, ಯಾರೋ ಕೆಮ್ಮಿದರು. ಮಲ್ಲಕ್ಕನೇ ಬಂದಳೆಂದು ಅಂಬರೀನ್ ಜೀವ ಬಂದಂತಾಗಿ ಎದ್ದು ನಿಂತಳು. ಕೂಗಬೇಕೆಂದು ಬಾಯಿ ತೆರೆದಳು. ಆದರೆ ಸದ್ದು ಬರುತ್ತಿದ್ದುದು ಹಳ್ಳಿಯ ಕಡೆಯಿಂದಲ್ಲ, ಹಿಂದಿನ ಕಾಡಿನ ಕಡೆಯಿಂದ. ಗಾಳಿಯಲ್ಲಿ ಮಾತು ತೇಲಿ ಬಂತು.

‘ಉಸ್ರೈತೋ ಇಲ್ವೋ ಮೊದ್ಲು ನೋಡಾನ.’

‘ಇದ್ರೆ?’

‘ಇದ್ರೇನು? ಇನ್ನೊಂದ್ ಗಳಿಗೆ. ಆ ಕಂಬ ಉಳ್ಳಿಸಿಬಿಟ್ರೆ ಮಣ್ಣು ತಾನೇ ಮುಚ್ಕಂತದೆ.’

ಅಂಬರೀನ್ ತೆರೆದ ಬಾಯಿ ಮುಚ್ಚಿದಳು. ಗುಂಡಿಯೊಳಗಿಂದ ತಿಪ್ಪೇಶ ಅವಳನ್ನೇ ನೋಡುತ್ತಿದ್ದ. ಅವನಿಗೂ ಕೇಳಿಸಿತ್ತು. ಅವಳು ಬಗ್ಗಿಕೊಂಡೇ ದೊಣೆಯ ಪಕ್ಕದ ಬಂಡೆಯ ಹಿಂದಕ್ಕೆ ಓಡಿದಳು.

ಅಲ್ಲಿ ಮಂಡಿಯೂರಿ ಕುಳಿತ ಮೇಲೆ ನೆನಪಾಯಿತು: ಚೀಲ ಗುಂಡಿಯ ಅಂಚಿನಲ್ಲೇ ಉಳಿದಿದೆ. ವೇಲು ಕೂಡ ಅಲ್ಲೇ.

ಬಂಡೆಯ ಸಂದಿಯಿಂದ ನೋಡಿದಳು. ಇಬ್ಬರು ಬಂದರು. ಮುಂದೆ ಬಂದವನಿಗೆ ಮೂವತ್ತೈದರ ಸುಮಾರು, ಅಂಗಿಯೆಲ್ಲ ಮಣ್ಣು, ಕಣ್ಣು ಊದಿಕೊಂಡಿದ್ದವು. ಅವನೇ ಶಿವಕುಮಾರ. ಹಿಂದೆ ಬಂದವರು ಅರವತ್ತು ದಾಟಿದ ಮನುಷ್ಯ. ಒಗೆದ ಬಿಳಿ ಅಂಗಿ, ಬಿಳಿ ಮೀಸೆ, ಹೆಗಲ ಮೇಲೆ ಟವೆಲು. ಮದುವೆಮನೆಯಲ್ಲಿ ಕಂಡರೆ ಎದ್ದು ಕುರ್ಚಿ ಬಿಟ್ಟುಕೊಡಬೇಕು, ಹಾಗಿದ್ದರು. ಅವಳಿಗೆ ಹೆಚ್ಚು ಭಯವಾದದ್ದು ಅದಕ್ಕೇ.

ಕರಿಸಿದ್ದಪ್ಪನ ಕಣ್ಣು ಗುಂಡಿಗಿಂತ ಮೊದಲು ಚೀಲದ ಮೇಲೆ ಬಿತ್ತು. ಅವನು ಕುಕ್ಕರುಗಾಲಲ್ಲಿ ಕುಳಿತು, ಚೀಲದಿಂದ ಟಿಫಿನ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

‘ಚಪಾತಿ’ ಎಂದ. ಮುಟ್ಟಿ ನೋಡಿದ. ‘ಯಾರೋ ಹೆಂಗಸ್ರು ಬಂದವ್ರೆ.’ ಆಮೇಲೆ ಗುಂಡಿಗೆ ಬಗ್ಗಿದ. ‘ತಿಪ್ಪೇಶಾ, ಯಾರ್ ಬಂದಿದ್ರಪ್ಪಾ?’

ಅಂಬರೀನ್ ಕಣ್ಣು ಮುಚ್ಚಿಕೊಂಡಳು. ಅವನು ಬೆರಳು ತೋರಿಸಿದರೆ ಮುಗಿಯಿತು. ಇಲ್ಲಿಂದ ಓಡಿದರೂ ಅವಳ ಕಾಲಿಗೆ ಆ ಇಳಿಜಾರು ಆಗುತ್ತಿರಲಿಲ್ಲ.

‘ಯಾರೋ... ನೋಡಿ ಹೆದ್ರಿ ಹೊಂಟೋದ್ರು’ ಎಂದ ತಿಪ್ಪೇಶ. ‘ಆಗ್ಲೇ ಹೋದ್ರು. ಯಾರೂ ಇಲ್ಲ.’

‘ಭಾವಾ’ ಎಂದ ಆಮೇಲೆ. ‘ಭಾವಾ, ಎತ್ತು.’

ಶಿವಕುಮಾರ ಗುಂಡಿಯ ಕಡೆ ಮುಖ ಮಾಡದೆ ನಿಂತಿದ್ದ. ಕರಿಸಿದ್ದಪ್ಪ ಎದ್ದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾಲ್ಕೂ ಕಡೆ ಸಾವಧಾನವಾಗಿ ನೋಡಿದ. ನೋಟ ದೊಣೆಯ ಬಂಡೆಯ ಹತ್ತಿರ ಬಂದು ನಿಂತಿತು.

‘ತಾಯೀ’ ಎಂದು ಕೂಗಿದ. ‘ಇಲ್ಲೇ ಇದ್ರೆ ಬನ್ನಿ ಈಚೆಗೆ. ಹೆದ್ರಬ್ಯಾಡಿ.’

ಅವಳು ವೇಲಿಲ್ಲದ ಎದೆಯನ್ನು ಎರಡೂ ಕೈಗಳಿಂದ ಅದುಮಿಕೊಂಡು ಕುಳಿತಳು. ಉತ್ತರ ಬಾರದಿದ್ದಾಗ ಅವನು ಶಿವಕುಮಾರನ ಕಡೆ ತಿರುಗಿದ. ‘ಜನ ಕರಕಂಡು ಬರೋಕ್ ಹೋಗವ್ರೆ. ಬೇಗ ಮುಗಿಸ್ಬೇಕು. ಆ ಹಾರೆ ಕೀಳು.’

‘ಯಜಮಾನ್ರೇ, ನನ್ ಕೈಲಾಗಲ್ಲ.’

‘ಅವ್ನು ಬದುಕಿ ಬಂದ್ರೆ ಮೂವರೂ ಒಳಗೋಯ್ತೀವಿ. ಅವ್ನು ಹ್ಯಾಂಗಿದ್ರೂ ಉಳಿಯಲ್ಲ. ಕೀಳೋ.’ ದನಿ ಏರಿರಲಿಲ್ಲ. ತೋಟಕ್ಕೆ ನೀರು ಬಿಡು ಎಂದಷ್ಟೇ ಸಲೀಸಾಗಿ ಹೇಳಿದ. ಶಿವಕುಮಾರ ಕದಲದ್ದನ್ನು ಕಂಡು ತಾನೇ ಹೋಗಿ ಹಾರೆಗೆ ಕೈ ಹಾಕಿದ.

ಆಗ ಅಂಬರೀನ್ ಎದ್ದಳು. ಧೈರ್ಯದಿಂದಲ್ಲ. ತನ್ನನ್ನು ಕಾಪಾಡಲು ಸುಳ್ಳು ಹೇಳಿದವನು ಕಣ್ಣೆದುರಿಗೆ ಸಾಯುವುದನ್ನು ನೋಡುತ್ತ ಕೂರಲು ಅವಳಿಂದ ಆಗಲಿಲ್ಲ, ಅಷ್ಟೆ. ಸಿಗ್ನಲ್ಲೇ ಇಲ್ಲದ ಫೋನನ್ನು ಕಿವಿಗಿಟ್ಟುಕೊಂಡು ಬಂಡೆಯ ಹಿಂದಿನಿಂದ ಹೊರಗೆ ನಡೆದಳು.

‘ಹೌದು ಸರ್, ಇಬ್ಬರು ಬಂದಿದ್ದಾರೆ. ಇಲ್ಲೇ ಇದ್ದಾರೆ. ಫೋಟೋ ಕಳಿಸಿದ್ದೀನಿ ಸರ್. ಬೇಗ ಬನ್ನಿ.’

ಕರಿಸಿದ್ದಪ್ಪ ಹಾರೆಯಿಂದ ಕೈ ತೆಗೆಯಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ಯಾರು ತಾಯಿ ನೀವು?’

‘ಸರ್ವೆ ಇಲಾಖೆಯವಳು’ ಎಂದಳು. ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಗೆ ಬಂತು. ‘ಈ ಕಂಬ ಸರ್ಕಾರದ್ದು. ಮುಟ್ಟಬೇಡಿ.’

‘ಭಾನುವಾರ ಸರ್ವೆಯೋರು ಬತ್ತಾರಾ?’

‘ಡ್ರೋನ್ ಸರ್ವೆ ನಡೀತಿದೆ. ನಮಗೆ ಭಾನುವಾರ ಅಂತಿಲ್ಲ. ಉಳಿದವರು ಕೆಳಗೆ ಜೀಪಿನಲ್ಲಿದ್ದಾರೆ.’

‘ಜೀಪಿನ ಸದ್ದು ಕೇಳ್ಲಿಲ್ಲವಲ್ಲ ತಾಯಿ’ ಎಂದು ಅವನು ನಕ್ಕ. ಅದು ಸಿಟ್ಟಿನ ನಗುವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಮೊಮ್ಮಗುವನ್ನು ಕಂಡು ನಕ್ಕಂತೆ ಇತ್ತು. ಅವನು ಒಂದು ಹೆಜ್ಜೆ ಅವಳ ಕಡೆಗೆ ಇಟ್ಟ. ‘ಒಬ್ರೇ ಬಂದಿದೀರಿ, ಅಲ್ವಾ?’

ಹಿಂದೆ ಬಂಡೆ, ಅದರಾಚೆ ಕಡಿದಾದ ಇಳಿಜಾರು. ಅವಳು ಅವನನ್ನು ಬಿಟ್ಟು ಇನ್ನೊಬ್ಬನ ಕಡೆ ನೋಡಿದಳು.

‘ಶಿವಕುಮಾರ್’ ಎಂದಳು. ತನ್ನ ಹೆಸರು ಕೇಳಿ ಅವನು ಬೆಚ್ಚಿಬಿದ್ದ. ‘ಸಂಜೆ ಮನೆಗೆ ಹೋಗ್ತೀರಲ್ಲ, ಭವ್ಯಂಗೆ ಏನಂತ ಹೇಳ್ತೀರಾ? ತಮ್ಮ ಎಲ್ಲಿ ಅಂದ್ರೆ?’

ಅವನ ಮುಖ ಕಿವುಚಿಕೊಂಡಿತು. ಗುಂಡಿಯೊಳಗಿಂದ ತಿಪ್ಪೇಶ ಮತ್ತೆ ‘ಭಾವಾ’ ಎಂದ. ಈ ಸಲ ದನಿ ಬಹಳ ಕ್ಷೀಣವಾಗಿತ್ತು.

ಕರಿಸಿದ್ದಪ್ಪ ಹಿಂದಿರುಗಿ ಹಾರೆಯನ್ನು ಎಳೆದ. ಬುಡ ಸೀಳಿನಿಂದ ಕಿತ್ತು ಬಂತು. ಕಂಬ ಕರಕರನೆ ಸದ್ದು ಮಾಡುತ್ತ ಒಂದು ಗೇಣು ಜಾರಿತು. ಶಿವಕುಮಾರ ‘ಬ್ಯಾಡಾ!’ ಎಂದು ಕಿರುಚಿಕೊಂಡು ಓಡಿ, ಮುದುಕನನ್ನು ಎರಡೂ ಕೈಯಲ್ಲಿ ನೂಕಿ, ಗುಂಡಿಯ ಅಂಚಿಗಿಳಿದು ಕಂಬಕ್ಕೆ ಹೆಗಲು ಕೊಟ್ಟ. ಅಂಬರೀನ್ ಏನನ್ನೂ ಯೋಚಿಸಲಿಲ್ಲ. ಅವಳೂ ಹೋಗಿ ಅವನ ಪಕ್ಕದಲ್ಲಿ ಬೆನ್ನು ಆನಿಸಿ ನಿಂತಳು. ಗಾರೆಯ ಚೂರುಗಳು ಅವಳ ಕತ್ತಿನೊಳಗೆ ಉದುರಿದವು. ಕಂಬ ನಿಂತಿತು.

ಕರಿಸಿದ್ದಪ್ಪ ಬಿದ್ದಲ್ಲಿಂದ ಎದ್ದು, ಪಂಚೆಯ ಮಣ್ಣು ಕೊಡವಿಕೊಂಡ. ಹಾರೆ ಇನ್ನೂ ಅವನ ಕೈಯಲ್ಲೇ ಇತ್ತು. ಇಬ್ಬರಿಗೂ ಕೈ ಎತ್ತುವ ಹಾಗಿರಲಿಲ್ಲ. ಕೈ ಬಿಟ್ಟರೆ ಕಂಬ ಬೀಳುತ್ತಿತ್ತು. ಅವನು ಹತ್ತಿರ ಬಂದ. ಹಾರೆಯ ತುದಿ ಅವಳ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಅವಳು ಅದರ ಚೂಪಿಗೆ ಅಂಟಿದ ಮಣ್ಣನ್ನೇ ನೋಡುತ್ತ, ಮನಸ್ಸಿನಲ್ಲೇ ಮನೆಯಲ್ಲಿದ್ದ ತನ್ನ ಮಕ್ಕಳ ಹೆಸರು ಹೇಳಿಕೊಂಡಳು.

ಆಗಲೇ ಬಹಳ ಕೆಳಗಿನಿಂದ ಸೀಟಿ ಕೇಳಿತು. ಉದ್ದಕ್ಕೆ, ಒಂದೇ ಉಸಿರಿಗೆ. ಶಾಲೆಯ ಮೈದಾನದಲ್ಲಿ ದಿನವೂ ಕೇಳುವ ಸೀಟಿ. ಅದರ ಹಿಂದೆಯೇ ಹಲವು ಜನರ ಕೂಗು.

ಮುದುಕ ತಲೆಯೆತ್ತಿ ಆಲಿಸಿದ. ಹಾರೆಯನ್ನು ಹುಲ್ಲಿಗೆ ಎಸೆದ. ಟವೆಲು ಸರಿಮಾಡಿಕೊಂಡು, ‘ನಿಮ್ಮ ಮುಖ ಮರೆಯಲ್ಲ ತಾಯಿ’ ಎಂದ. ಓಡಲಿಲ್ಲ. ಬಂದ ದಾರಿಯಲ್ಲೇ, ಸಂತೆಯಿಂದ ಮನೆಗೆ ಹೋಗುವವನಂತೆ ಇಳಿದು ಹೋದ.

ಮಲ್ಲಕ್ಕ ಹಳ್ಳಿಯ ಜನರೊಂದಿಗೆ ಮೇಲೆ ಬರುವವರೆಗೂ ಅಂಬರೀನ್ ಮತ್ತು ಶಿವಕುಮಾರ ಹಾಗೆಯೇ ನಿಂತಿದ್ದರು. ಎಷ್ಟು ಹೊತ್ತೆಂದು ಅವಳಿಗೆ ಗೊತ್ತಿಲ್ಲ. ಶಿವಕುಮಾರ ಅಳುತ್ತಿದ್ದ. ‘ಸತ್ತೋಗವ್ನೆ ಅಂದ್ಕಂಡು ಓಡೋದೆ ಕಣ್ರೀ, ಸತ್ತೋಗವ್ನೆ ಅಂದ್ಕಂಡೆ’ ಎಂದು ಅದನ್ನೇ ಹೇಳುತ್ತಿದ್ದ. ಅವಳು ಸಮಾಧಾನ ಹೇಳಲಿಲ್ಲ. ಅವಳ ಬೆನ್ನು ಉರಿಯುತ್ತಿತ್ತು. ಹತ್ತಿರದಲ್ಲಿ ಹುಲ್ಲು ಅಲುಗಿದರೆ ಮುದುಕ ಮರಳಿ ಬಂದನೇ ಎಂದು ಕತ್ತು ತಿರುಗಿಸಿ ನೋಡುತ್ತಿದ್ದಳು.

ಹಳ್ಳಿಯವರಲ್ಲಿ ಕೆಲವರು ಮೊದಲು ಅವಳನ್ನೇ ನಿಧಿಗಳ್ಳರ ಕಡೆಯವಳೆಂದು ತಿಳಿದು ಸುತ್ತುಗಟ್ಟಿದರು. ಮಲ್ಲಕ್ಕ ಗದರಿದ ಮೇಲೆ ದಾರಿ ಬಿಟ್ಟರು. ಎಂಟು ಜನ ಕಂಬಕ್ಕೆ ಹಗ್ಗ ಬಿಗಿದು ಹಿಂದಕ್ಕೆ ಎಳೆದು ಹಿಡಿದರು. ಅಗ್ನಿಶಾಮಕದವರು ಬಂದು ಹಲಗೆ ಕೊಟ್ಟು ಮಣ್ಣು ತಡೆದು, ಕೈಯಲ್ಲೇ ಬಗೆದು ತಿಪ್ಪೇಶನನ್ನು ಹೊರಗೆ ತೆಗೆದಾಗ ಮಧ್ಯಾಹ್ನ ಎರಡು ಗಂಟೆ. ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅವನು ಅವಳನ್ನು ಹುಡುಕಿ, ಕೈಯೆತ್ತಲು ನೋಡಿದ. ಆಗಲಿಲ್ಲ. ಶಿವಮೊಗ್ಗದಲ್ಲಿ ಅವನ ಬಲಗಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಯಿತು. ಜೀವ ಉಳಿಯಿತು.

ಶಿವಕುಮಾರ ಪೊಲೀಸರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಕರಿಸಿದ್ದಪ್ಪ ಒಂಬತ್ತನೇ ದಿನ ನೆಂಟರ ತೋಟದಲ್ಲಿ ಸಿಕ್ಕಿಬಿದ್ದ. ಎರಡು ತಿಂಗಳಿಗೆ ಜಾಮೀನಿನ ಮೇಲೆ ಹೊರಗೆ ಬಂದ. ಅದನ್ನು ಕೇಳಿದ ದಿನದಿಂದ ಅಂಬರೀನ್‌ಗೆ ನಿದ್ದೆ ಹೋಯಿತು. ಗೇಟಿನ ಚಿಲಕ ಸದ್ದಾದರೆ ಎದ್ದು ಕೂರುತ್ತಿದ್ದಳು. ಅಮ್ಮ ಅಮೀನಾಬಿ ದರ್ಗಾದಿಂದ ತಾಯಿತ ತಂದು ಕಟ್ಟಿದರು. ಗಂಡ ನವಾಜ್ ದಿನವೂ ಶಾಲೆಗೆ ಬಿಟ್ಟು, ಕರೆದುಕೊಂಡು ಬರತೊಡಗಿದ. ‘ಸಾಕ್ಷಿ ಹೇಳೋದು ಬೇಡ ಅಂದ್ರೆ ಬೇಡ ಬಿಡು. ಯಾರೂ ಏನೂ ಅನ್ನಲ್ಲ’ ಎಂದೂ ಹೇಳಿದ. ಜೂನ್ ಹದಿನೆಂಟಕ್ಕೆ ಸಾಕ್ಷಿ ಹೇಳಲು ಬರಬೇಕೆಂದು ಕೋರ್ಟಿನಿಂದ ಬಂದ ಸಮನ್ಸನ್ನು ಅವಳು ಮಡಿಸಿ ಬೀರುವಿನಲ್ಲಿಟ್ಟಳು. ಭಾನುವಾರಗಳಂದು ಮಲ್ಲಕ್ಕ ಕರೆದರೆ ಮಂಡಿನೋವು ಎನ್ನುತ್ತಿದ್ದಳು.

ಜೂನ್ ತಿಂಗಳಲ್ಲೊಂದು ದಿನ ಶಾಲೆಯ ಪಠ್ಯಪುಸ್ತಕದ ಕೆಲಸಕ್ಕೆಂದು ಕಡೂರಿಗೆ ಹೋಗಿದ್ದಳು. ವಾಪಸು ಬರಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಒಗೆದ ಬಿಳಿ ಅಂಗಿ. ಹೆಗಲ ಮೇಲೆ ಟವೆಲು.

‘ಚೆನ್ನಾಗಿದೀರಾ ಟೀಚರಮ್ಮಾ?’ ಎಂದ ಕರಿಸಿದ್ದಪ್ಪ. ‘ಸರ್ವೆ ಕೆಲ್ಸ ಬಿಟ್ಬಿಟ್ರಾ?’

ಸುತ್ತ ನೂರಾರು ಜನ. ಸೌತೆಕಾಯಿ ಮಾರುವವನು ಕೂಗುತ್ತಿದ್ದ, ಕಂಡಕ್ಟರು ಬೀರೂರು ಬೀರೂರು ಎನ್ನುತ್ತಿದ್ದ. ಆದರೂ ಅವಳಿಗೆ ಆ ಗುಡ್ಡದ ನೆತ್ತಿಯ ಮೇಲೆ ಒಬ್ಬಳೇ ನಿಂತಿರುವಂತೆ ಅನಿಸಿತು. ಕೈಯಲ್ಲಿದ್ದ ಪುಸ್ತಕದ ಕಟ್ಟು ಜಾರಿ ಕೆಳಗೆ ಬಿತ್ತು. ಅವನೇ ಬಗ್ಗಿ ಎತ್ತಿ, ಧೂಳು ಒರೆಸಿ, ಅವಳಿಗೆ ಕೊಟ್ಟ.

‘ಮಕ್ಕಳೊಂದಿಗರು ನೀವು. ಕೋರ್ಟು ಕಚೇರಿ ನಿಮ್ಗ್ಯಾಕೆ ತಾಯಿ?’

ಅವಳು ಕಟ್ಟು ಇಸಿದುಕೊಂಡಳು. ಅದನ್ನು ಎದೆಗೆ ಅವಚಿಕೊಂಡಳು.

‘ಹದಿನೆಂಟನೇ ತಾರೀಕು ಬರ್ತೀನಿ’ ಎಂದಳು.

ಅವನು ಅವಳನ್ನು ಒಂದು ಗಳಿಗೆ ನೋಡಿದ. ಈ ಸಲ ನಗಲಿಲ್ಲ. ತರೀಕೆರೆ ಬಸ್ಸು ಬಂತು, ಹತ್ತಿ ಹೋದ. ಅಂಬರೀನ್ ಕಲ್ಲು ಬೆಂಚಿನ ಮೇಲೆ ಕುಳಿತು ನವಾಜ್‌ಗೆ ಫೋನ್ ಮಾಡಿದಳು. ಅವನು ಬಂದು ಕೈಹಿಡಿದು ಎಬ್ಬಿಸುವವರೆಗೂ ಅವಳಿಗೆ ನಿಲ್ಲಲು ಆಗಲಿಲ್ಲ. ಅಲ್ಲಿಂದ ಇಬ್ಬರೂ ನೇರವಾಗಿ ಠಾಣೆಗೆ ಹೋಗಿ, ಕರಿಸಿದ್ದಪ್ಪ ಆಡಿದ್ದನ್ನು ಮಾತಿಗೆ ಮಾತು ಬರೆಸಿ ಬಂದರು.

ಹದಿನೆಂಟರಂದು ಅವಳು ಹೋದಳು. ಒಂದು ಕಡೆ ಮಲ್ಲಕ್ಕ, ಇನ್ನೊಂದು ಕಡೆ ನವಾಜ್. ಕೋರ್ಟಿನ ವರಾಂಡದಲ್ಲಿ ತಿಪ್ಪೇಶ ಊರುಗೋಲು ಪಕ್ಕಕ್ಕಿಟ್ಟು ಕುಳಿತಿದ್ದ. ಜೊತೆಯಲ್ಲಿ ಅವನ ಅಕ್ಕ ಭವ್ಯ. ಅವಳು ಎದ್ದು ಬಂದು ಅಂಬರೀನ್‌ಳ ಕೈ ಹಿಡಿದುಕೊಂಡಳು.

ಕಟಕಟೆಯಲ್ಲಿ ಅವಳ ದನಿ ಎಷ್ಟು ಅದುರುತ್ತಿತ್ತೆಂದರೆ ನ್ಯಾಯಾಧೀಶರು ನೀರು ತರಿಸಿಕೊಟ್ಟರು. ಎದುರಿಗೆ ನಾಲ್ಕು ಮಾರು ದೂರದಲ್ಲಿ ಕರಿಸಿದ್ದಪ್ಪ ಕೈಕಟ್ಟಿ ನಿಂತಿದ್ದ. ಅವಳು ಲೋಟ ಕೆಳಗಿಟ್ಟು ಅವನ ಕಡೆ ಕೈ ತೋರಿಸಿ, ಆ ದಿನ ಬಂಡೆಯ ಹಿಂದೆ ಕುಳಿತು ಕೇಳಿದ್ದನ್ನೂ ಕಂಡದ್ದನ್ನೂ ಮೊದಲಿನಿಂದ ಕೊನೆಯವರೆಗೆ, ನಡುಗುತ್ತಲೇ, ಒಂದನ್ನೂ ಬಿಡದೆ ಹೇಳಿದಳು.